ಎಣ್ಣೆ ಸುರಿದ ಹೊತ್ತು

ನನ್ನ ಕೈಯಲ್ಲಿ ರಬ್ಬರ್ ಮಿಶ್ರಣದ ಮೊದಲ ಬ್ಯಾಚ್ ಕೆಟ್ಟಾಗ ತೂಕ ಎಲ್ಲೂ ತಪ್ಪಿರಲಿಲ್ಲ. ರಬ್ಬರ್ ಸರಿ, ಕಪ್ಪು (ಕಾರ್ಬನ್ ಬ್ಲ್ಯಾಕ್, ಮಸಿಯಂಥ ಪುಡಿ) ಸರಿ, ಎಣ್ಣೆ ಸರಿ. ಆದರೂ ಮಾಲನ್ನು ಅಚ್ಚಿನ ಬಾಯಿಂದ ತಳ್ಳುವ ಎಕ್ಸ್‌ಟ್ರೂಡರ್‌ನಿಂದ ಹೊರಬಂದ ಪಟ್ಟಿಯ ಮೈಮೇಲೆ ಸಾಸಿವೆ ಉದುರಿಸಿದ ಹಾಗೆ ಸಣ್ಣ ಸಣ್ಣ ಗಂಟು. ಅರ್ಧ ದಿನ ತಕ್ಕಡಿಯನ್ನೇ ಅನುಮಾನಿಸಿದೆ.

ರೆಸಿಪಿ ಸರಳವಾಗಿತ್ತು. ನೈಸರ್ಗಿಕ ರಬ್ಬರ್ ಮತ್ತು ಎಸ್‌ಬಿಆರ್ (ಒಂದು ಕೃತಕ ರಬ್ಬರ್) ಸೇರಿ 100 ಭಾಗ, ಎನ್330 ದರ್ಜೆಯ ಕಾರ್ಬನ್ ಬ್ಲ್ಯಾಕ್ 60, ನ್ಯಾಫ್ತೆನಿಕ್ ಎಣ್ಣೆ (ಒಂದು ಬಗೆಯ ಪೆಟ್ರೋಲಿಯಂ ಎಣ್ಣೆ) 15. ಜೊತೆಗೆ ಜಿಂಕ್ ಆಕ್ಸೈಡ್, ಸ್ಟಿಯರಿಕ್ ಆಸಿಡ್, ಕೊನೆಗೆ ಗಂಧಕ. ನಮ್ಮ ಕಸುಬಿನಲ್ಲಿ ಶೇಕಡಾ ಲೆಕ್ಕ ಇಲ್ಲ. ರಬ್ಬರನ್ನು 100 ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಎಷ್ಟು ಅಂತ ಬರೆಯುತ್ತೇವೆ. ಪಿಎಚ್‌ಆರ್ ಅಂದರೆ ಅಷ್ಟೇ. ಒಳಗಿನ ರೋಟರ್‌ಗಳು ತಿರುಗಿ ಮಾಲನ್ನು ನಾದುವ ಮಿಕ್ಸರ್ 75 ಲೀಟರಿನದು. ಅದನ್ನು ತುಂಬ ತುಂಬಿದರೆ ಮಾಲು ಮಗುಚುವುದಕ್ಕೇ ಜಾಗ ಇರುವುದಿಲ್ಲ, ಹಾಗಾಗಿ ಶೇಕಡಾ 72ರಷ್ಟು ಮಾತ್ರ. ಕಾಂಪೌಂಡಿನ, ಅಂದರೆ ಮಿಶ್ರಣದ, ಸಾಂದ್ರತೆ 1.13 ಅಂತ ಹಿಡಿದರೆ ಒಂದು ಬ್ಯಾಚ್‌ಗೆ ಸುಮಾರು 61 ಕಿಲೋ. ಅದರಲ್ಲಿ ಕಪ್ಪು ಸುಮಾರು 20 ಕಿಲೋ, ಎಣ್ಣೆ 5 ಕಿಲೋಗೆ ಹತ್ತಿರ.

ನಾನು ಮಾಡಿದ ಜಾಣತನ ಇಷ್ಟೇ. ಕಪ್ಪು ಹಾಕಿದ ಕೂಡಲೇ ಎಣ್ಣೆಯನ್ನೂ ಸುರಿಯಲು ಹೇಳಿದೆ. ಧೂಳು ಕಡಿಮೆ ಏಳುತ್ತದೆ, ಸಮಯವೂ ಉಳಿಯುತ್ತದೆ ಅಂದುಕೊಂಡೆ. ಮೊದಲನೆಯದು ನಿಜವೂ ಆಯಿತು. ಆದರೆ ಮಿಕ್ಸರ್‌ನ ಮೋಟರ್ ಎಷ್ಟು ಕಷ್ಟಪಡುತ್ತಿದೆ ಅಂತ ತೋರಿಸುವ ಆಂಪಿಯರ್ ಮೀಟರ್‌ನ ಮುಳ್ಳು ದಿಢೀರನೆ ಇಳಿದು ಅಲ್ಲೇ ಕೂತಿತು. ಮಿಕ್ಸರ್ ನಡೆಸುವ ಹಿರಿಯರು ಒಂದೇ ಮಾತು ಹೇಳಿದರು: "ಶಬ್ದ ಕೇಳಿ ಸರ್, ರೋಟರ್ ಸುಮ್ನೆ ಜಾರ್ತಿದೆ." ನನಗೆ ಆಗ ಅರ್ಥವಾಗಲಿಲ್ಲ. ಬಾಗಿಲು ತೆರೆದಾಗ ಮಾಲು ಮುದ್ದೆಯಾಗಿ ಬೀಳಲಿಲ್ಲ, ಚೂರುಚೂರಾಗಿ ಉದುರಿತು. ಎರಡು ರೋಲ್‌ಗಳ ಮಿಲ್ ಮೇಲೆ ಹಾಕಿದರೆ ರೋಲ್‌ಗೆ ಸುತ್ತಿಕೊಳ್ಳಲೂ ಹಟ ಮಾಡಿತು.

ಎನ್330ರ ಒಂದೊಂದು ಕಣ ಸುಮಾರು 30 ನ್ಯಾನೋಮೀಟರ್. ಅವು ಒಂಟಿಯಾಗಿ ಇರುವುದಿಲ್ಲ. ಕಚ್ಚಿಕೊಂಡು ಗೊಂಚಲಾಗಿ, ಗೊಂಚಲುಗಳು ಅಂಟಿಕೊಂಡು ಗಂಟಾಗಿ ಬರುತ್ತವೆ. ಗೊಂಚಲು ಒಡೆಯುವುದು ನಮ್ಮ ಕೆಲಸ ಅಲ್ಲ, ಗಂಟು ಒಡೆಯಬೇಕು. ಅದನ್ನು ಒಡೆಯುವುದು ರೋಟರ್‌ನ ಲೋಹ ಅಲ್ಲ, ಗಟ್ಟಿ ರಬ್ಬರ್. ರೋಟರ್ ಎಳೆದಾಗ ರಬ್ಬರ್ ಎಷ್ಟು ಬಿಗಿಯಾಗಿ ಎದುರು ನಿಲ್ಲುತ್ತದೋ ಅಷ್ಟು ಬಲ ಗಂಟಿನ ಮೇಲೆ ಬೀಳುತ್ತದೆ. ನಾನು ಮೊದಲೇ ಎಣ್ಣೆ ಸುರಿದು ರಬ್ಬರನ್ನು ಮೆತ್ತಗೆ ಮಾಡಿದ್ದೆ, ಗೋಡೆಗೂ ಜಾರಿಕೆ ಬಳಿದಿದ್ದೆ. ಇನ್ನು ಗಂಟು ಒಡೆಯುವವರು ಯಾರು?

ಮರುದಿನದಿಂದ ಮುಳ್ಳನ್ನೇ ನೋಡುತ್ತಾ ನಿಂತೆ. ಮೊದಲು ರಬ್ಬರ್ ಒಂದು ನಿಮಿಷ. ಆಮೇಲೆ ಜಿಂಕ್ ಆಕ್ಸೈಡ್, ಸ್ಟಿಯರಿಕ್ ಆಸಿಡ್, ಅರ್ಧ ಕಪ್ಪು. ಸ್ವಲ್ಪ ಬಿಟ್ಟು ಉಳಿದ ಕಪ್ಪು. ಕಪ್ಪಿನ ಸಂದುಗಳಲ್ಲಿ ಗಾಳಿ ಜಾಸ್ತಿ ಇರುತ್ತದೆ, ಅದಕ್ಕೇ ಮಾಲನ್ನು ಮೇಲಿಂದ ಒತ್ತುವ ರ‍್ಯಾಮ್ ಮೊದಮೊದಲು ಪೂರ್ತಿ ಕೂರುವುದಿಲ್ಲ. ರಬ್ಬರ್ ಆ ಸಂದುಗಳಿಗೆ ನುಗ್ಗಿದಂತೆ ಗಾಳಿ ಹೊರಟು ರ‍್ಯಾಮ್ ಕೆಳಗಿಳಿಯುತ್ತದೆ, ಆಂಪಿಯರ್ ಏರಿ ಒಂದು ತುದಿ ಮುಟ್ಟುತ್ತದೆ. ಕಪ್ಪು ಒಳಗೆ ಹೋಯಿತು ಅನ್ನುವುದಕ್ಕೆ ಅದೇ ಗುರುತು. ತುದಿ ದಾಟಿ ಮುಳ್ಳು ಇಳಿಯಲು ಶುರುವಾದ ಮೇಲೆ ಎಣ್ಣೆ, ಅದೂ ಎರಡು ಕಂತಿನಲ್ಲಿ. ಪ್ರತಿ ಸಲ ಮುಳ್ಳು ಕುಸಿಯುತ್ತದೆ, ಮತ್ತೆ ಏರುವವರೆಗೆ ಕಾಯಬೇಕು. 150 ಡಿಗ್ರಿಗೆ ಹೊರಗೆ. ಗಂಧಕ ಮತ್ತು ಅದರ ಕೆಲಸ ಚುರುಕು ಮಾಡುವ ಆಕ್ಸಿಲರೇಟರ್ ಮಾಲು ತಣಿದ ಮೇಲೆ, ಎರಡನೇ ಸುತ್ತಿನಲ್ಲಿ, 105 ಡಿಗ್ರಿ ದಾಟದ ಹಾಗೆ. ಇಲ್ಲದಿದ್ದರೆ ಅಲ್ಲೇ ಬೇಯಲು ಶುರುವಾಗುತ್ತದೆ.

ಬ್ಯಾಚ್‌ಗೆ ಒಂದೂವರೆ ನಿಮಿಷ ಜಾಸ್ತಿ ಹಿಡಿಯಿತು. ಗಂಟು ಹೋದವು. ಗಡಿಯಾರ ಹಿಡಿದು ಕೂತಿದ್ದ ಪ್ಲಾನಿಂಗ್‌ನವರು ಸುಲಭಕ್ಕೆ ಒಪ್ಪಲಿಲ್ಲ, ಅದು ಬೇರೆ ಕಥೆ. ಒಂದು ಚೂರು ಕಾಂಪೌಂಡನ್ನು ಬ್ಲೇಡಿನಿಂದ ಕೊಯ್ದು ಭೂತಗನ್ನಡಿಯಲ್ಲಿ ತೋರಿಸಿದೆ. ಹಳೆಯದರ ಕೊಯ್ದ ಮುಖದಲ್ಲಿ ಉಬ್ಬು, ಗುಳಿ. ಹೊಸದು ನಯವಾಗಿ ಹೊಳೆಯುತ್ತಿತ್ತು.

ಗಂಟು ಹೋದರೂ ಗಡಸುತನ ಮಾತ್ರ ಒಂದೊಂದು ಬ್ಯಾಚಿಗೆ ಒಂದೊಂದು ಥರ ಬರುತ್ತಿತ್ತು. ಇದಕ್ಕೆ ಕಾರಣ ಬಕೆಟ್. ಚಳಿಯಲ್ಲಿ ಎಣ್ಣೆ ದಪ್ಪವಾಗಿ ಬಕೆಟ್‌ನ ಒಳಗೋಡೆಗೆ ಅಂಟಿಕೊಳ್ಳುತ್ತಿತ್ತು. ಎರಡು ಭಾಗ ಎಣ್ಣೆ ಹೆಚ್ಚಿದರೆ ಶೋರ್ ಎ (ರಬ್ಬರಿನ ಗಡಸು ಅಳೆಯುವ ಮಾಪಕ) ಗಡಸುತನ ಸುಮಾರು ಒಂದು ಅಂಕ ಇಳಿಯುತ್ತದೆ ಅನ್ನುವುದು ನಮ್ಮ ಕೈಲೆಕ್ಕ. 5 ಕಿಲೋದಲ್ಲಿ ಅರ್ಧ ಕಿಲೋ ಬಕೆಟಿನಲ್ಲೇ ಉಳಿದರೆ ಒಂದೂವರೆ ಭಾಗ ಮಾಯ, ಅಲ್ವಾ? ಎಣ್ಣೆಯನ್ನು 60 ಡಿಗ್ರಿಗೆ ಬಿಸಿ ಮಾಡಿ ಪಂಪಿನಿಂದ ಬಿಡಲು ಶುರುಮಾಡಿದ ಮೇಲೆ ಆ ತಲೆನೋವು ಹೋಯಿತು.

ಎಣ್ಣೆ ಅಂದರೆ ಎಲ್ಲ ಒಂದೇ ಅಲ್ಲ ಅನ್ನುವುದೂ ಆಗಲೇ ತಿಳಿದದ್ದು. ಇಪಿಡಿಎಂ ಎಂಬ ಕೃತಕ ರಬ್ಬರ್‌ಗೆ ಪ್ಯಾರಫಿನಿಕ್ ಎಂಬ ಇನ್ನೊಂದು ಬಗೆಯ ಎಣ್ಣೆ ಹೊಂದುತ್ತದೆ. ಅದನ್ನೇ ನೈಟ್ರೈಲ್ ರಬ್ಬರ್‌ಗೆ ಹಾಕಿದರೆ ಮೈಮೇಲೆ ಬೆವರಿನ ಹಾಗೆ ಹೊರಬರುತ್ತದೆ.

ಕಪ್ಪು ಮೊದಲು, ಎಣ್ಣೆ ಆಮೇಲೆ. ಇದನ್ನೇ ವೇದವಾಕ್ಯ ಮಾಡಿಕೊಂಡು ಸ್ವಲ್ಪ ಕಾಲ ಮೆರೆದೆ. ಆಮೇಲೆ ಇಪಿಡಿಎಂ ಕಾಂಪೌಂಡ್ ಬಂತು: 100 ಭಾಗ ರಬ್ಬರ್‌ಗೆ ಕಪ್ಪು 120, ಎಣ್ಣೆ 80. ನನ್ನ ಕ್ರಮದಲ್ಲಿ ಹೋದರೆ ಕಪ್ಪು ಒಳಗೆ ಹೋಗುವ ಹೊತ್ತಿಗೆ ಮಾಲು ಸುಟ್ಟ ವಾಸನೆ ಬರುವಷ್ಟು ಬಿಸಿ, ಆಮೇಲೆ ಅಷ್ಟೊಂದು ಎಣ್ಣೆ ಹಾಕಿದರೆ ನಿಮಿಷಗಟ್ಟಲೆ ಜಾರಾಟ. ಇಲ್ಲಿ ತಲೆಕೆಳಗೇ ಸರಿ. ಕಪ್ಪು ಮತ್ತು ಎಣ್ಣೆ ಮೊದಲು ಒಳಗೆ, ಮೇಲಿಂದ ರಬ್ಬರ್, ರ‍್ಯಾಮ್ ಕೆಳಗೆ. ಅಷ್ಟು ಕಪ್ಪು ಇರುವಾಗ ಎಣ್ಣೆಯನ್ನು ಅದೇ ಹೀರಿಕೊಳ್ಳುತ್ತದೆ, ಗೋಡೆಗೆ ಜಾರಿಕೆಯಾಗಿ ಉಳಿಯುವುದು ಕಡಿಮೆ.

ಪಿವಿಸಿ ವಿಭಾಗಕ್ಕೆ ಹೋದಾಗ ಇನ್ನೊಂದು ಪೆಟ್ಟು. ಬಿಸಿ ಮಿಕ್ಸರ್‌ನಲ್ಲಿ ರೆಸಿನ್, ಅಂದರೆ ಪಿವಿಸಿ ಪುಡಿ, ತಿರುಗುತ್ತಿತ್ತು. ಹಳೆಯ ಅಭ್ಯಾಸದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಮೊದಲು ಹಾಕಿಸಿ, ಆಮೇಲೆ ಪ್ಲಾಸ್ಟಿಸೈಸರ್ (ಪಿವಿಸಿಯನ್ನು ಮೆತ್ತಗೆ ಮಾಡುವ ಎಣ್ಣೆಯಂಥ ದ್ರವ) ಸುರಿಸಿದೆ. ರೆಸಿನ್ ಕುಡಿಯಬೇಕಾದ ಎಣ್ಣೆಯಲ್ಲಿ ಒಂದು ಪಾಲನ್ನು ಆ ಬಿಳಿ ಪುಡಿ ಕುಡಿದುಬಿಟ್ಟಿತು. ಹಾಳೆಯಲ್ಲಿ ಮೀನಿನ ಕಣ್ಣಿನಂಥ ಚುಕ್ಕೆಗಳು, ಅವು ಎಣ್ಣೆ ಸಿಗದೆ ಕರಗದೆ ಉಳಿದ ರೆಸಿನ್ ಕಣಗಳು. ಈಗ ರೆಸಿನ್, ಬಿಸಿಗೆ ಅದು ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿ, 75 ಡಿಗ್ರಿ ಸುಮಾರಿಗೆ ಪ್ಲಾಸ್ಟಿಸೈಸರ್ ಬಿಡುತ್ತೇವೆ. ಪುಡಿ ಮೊದಲು ಒದ್ದೆ ಮರಳಿನ ಹಾಗೆ ಕಾಣುತ್ತದೆ, ಆಮೇಲೆ ಒಣಗಿ ಬಿಡಿಬಿಡಿಯಾಗುತ್ತದೆ. ಆಗ ಕ್ಯಾಲ್ಸಿಯಂ ಕಾರ್ಬೊನೇಟ್. 115ಕ್ಕೆ ಕೆಳಗಿನ ತಣ್ಣನೆ ಮಿಕ್ಸರ್‌ಗೆ ಇಳಿಸಿ, 45ರವರೆಗೆ ತಣಿಸುತ್ತೇವೆ.

ಅಲ್ಲಿ ಆಂಪಿಯರ್ ಮುಳ್ಳು ನನಗೆ ಅಷ್ಟು ಸಹಾಯ ಮಾಡಲಿಲ್ಲ. ಹಿಡಿ ಪುಡಿಯನ್ನು ಬಿಳಿ ಕಾಗದದ ಮೇಲೆ ಇಟ್ಟು ಒತ್ತಿ ನೋಡುತ್ತೇನೆ. ಕಾಗದಕ್ಕೆ ಎಣ್ಣೆ ಕಲೆ ಹತ್ತಿದರೆ ಇನ್ನೊಂದು ನಿಮಿಷ ತಿರುಗಲಿ ಅಂತ ಕೈ ಸನ್ನೆ ಮಾಡುತ್ತೇನೆ.