ಎರಡನೇ ಪಿಟೀಲಿನ ಕುರ್ಚಿಯಿಂದ

ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಚೆಲೋ ಒಂದು. ಇಷ್ಟೇ ಸ್ಟ್ರಿಂಗ್ ಕ್ವಾರ್ಟೆಟ್. ಮುಂದೆ ನಿಂತು ಕೈ ಬೀಸುವ ಕಂಡಕ್ಟರ್ ಇರುವುದಿಲ್ಲ. ನಾನು ಲಂಡನ್ನಿನ ಇಂಥದೊಂದು ತಂಡದಲ್ಲಿ ಎರಡನೇ ಪಿಟೀಲು. ರಜೆಗೆ ಮೈಸೂರಿಗೆ ಬಂದಾಗಲೆಲ್ಲ ದೊಡ್ಡಮ್ಮನ ಪ್ರಶ್ನೆ ಒಂದೇ: "ಇನ್ನೂ ಸೆಕೆಂಡೇ ಏನೋ? ಫಸ್ಟಿಗೆ ಯಾವಾಗ ಪ್ರಮೋಷನ್ನು?" ಅದು ಬೇರೆಯದೇ ಕೆಲಸ ದೊಡ್ಡಮ್ಮ ಅಂತ ಹೇಳಿ ಹೇಳಿ ಸಾಕಾಗಿದೆ. ಅಮೆರಿಕದ ಎಮರ್ಸನ್ ಕ್ವಾರ್ಟೆಟ್ಟಿನಲ್ಲಿ ಇಬ್ಬರು ಪಿಟೀಲಿನವರೂ ಆಗಾಗ ಕುರ್ಚಿ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಹಾಗಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಛೇರಿಗೆ ಬಂದ ಸಂಭಾವನೆಯಲ್ಲಿ ಏಜೆಂಟರ ಕಮಿಷನ್ ಕಳೆದು ಉಳಿದದ್ದು ನಾಲ್ಕು ಪಾಲು. ವಿಮಾನ ಹತ್ತಿದರೆ ಮಾತ್ರ ಟಿಕೆಟ್ ಐದು, ಯಾಕೆಂದರೆ ಚೆಲೋಗೂ ಒಂದು ಸೀಟು ಬೇಕು. ಬರೀ ಕಛೇರಿ ನಂಬಿಕೊಂಡರೆ ಮನೆ ಬಾಡಿಗೆ ಹುಟ್ಟುವುದಿಲ್ಲ. ದೊಡ್ಡ ಹೆಸರಿನ ತಂಡಗಳೂ ಪಾಠದ ಕೆಲಸ ಹಿಡಿದೇ ನಿಂತಿವೆ. 1975ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಟಕಾಚ್ ಕ್ವಾರ್ಟೆಟ್ ಕೊನೆಗೆ ನೆಲೆ ಕಂಡದ್ದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ನಾವು ಶುರುವಿನಲ್ಲಿ ಮದುವೆ ಮನೆಗಳಲ್ಲಿ ನುಡಿಸಿದೆವು. ಒಂದು ವಿಶ್ವವಿದ್ಯಾಲಯ ಕರೆದು ಪಾಠಕ್ಕೆ ಇಟ್ಟುಕೊಂಡ ಮೇಲೆ ತಿಂಗಳ ಕೊನೆಯ ಭಯ ಹೋಯಿತು.

ನಿಜವಾದ ಕೆಲಸ ನಡೆಯುವುದು ಅಭ್ಯಾಸದ ಕೋಣೆಯಲ್ಲಿ. ದಿನದ ಮೊದಲ ಜಗಳ ಶ್ರುತಿಯದು. ನಾನು ಚಿಕ್ಕಂದಿನಲ್ಲಿ ಕಲಿತದ್ದು ಕರ್ನಾಟಕ ಸಂಗೀತ. ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಊರಿ, ಸ-ಪ-ಸ-ಪ ಸೇರಿಸಿದರೆ ಮುಗಿಯಿತು. ಇಲ್ಲಿ ಪಿಟೀಲಿನ ನಾಲ್ಕು ತಂತಿಗೆ ಜಿ, ಡಿ, ಎ, ಇ ಎಂಬ ಸ್ವರ. ವಿಯೋಲಾ ಮತ್ತು ಚೆಲೋಗೆ ಸಿ, ಜಿ, ಡಿ, ಎ. ಪ್ರತಿ ತಂತಿಯೂ ಅದರ ಕೆಳಗಿನ ತಂತಿಗೆ ಪಂಚಮ. ಈಗ ಒಂದೊಂದು ಪಂಚಮವನ್ನೂ ಚೊಕ್ಕವಾಗಿ ಸೇರಿಸುತ್ತಾ ಚೆಲೋದ ಸಿ ಇಂದ ಪಿಟೀಲಿನ ಇ ತನಕ ಬನ್ನಿ. ಸಿ ಷಡ್ಜವಾದರೆ ಇ ಅದರ ಅಂತರ ಗಾಂಧಾರ ಆಗಬೇಕು, ಅಲ್ವಾ? ಆಗುವುದಿಲ್ಲ. ಅರ್ಧ ಸ್ವರದ ಸುಮಾರು ಐದನೇ ಒಂದು ಭಾಗದಷ್ಟು ಮೇಲೆ ಹೋಗಿರುತ್ತದೆ. ತಂಬೂರಿಯ ಮಂದ್ರದಿಂದ ತಾನಾಗಿ ಏಳುವ ಗಾಂಧಾರ ಕೇಳಿ ಬೆಳೆದ ಕಿವಿಗೆ ಅದು ಅನ್ನದಲ್ಲಿ ಸಿಕ್ಕ ಕಲ್ಲು.

ಅದಕ್ಕೇ ನಾವು ಪಂಚಮಗಳನ್ನು ಬೇಕೆಂದೇ ಚೂರು ಕಿರಿದು ಮಾಡುತ್ತೇವೆ. ಎಲ್ಲರೂ ಎ ತಂತಿಯ ಶ್ರುತಿ ಒಂದು ಮಾಡಿಕೊಂಡ ಮೇಲೆ ಚೆಲೋ ಮತ್ತು ವಿಯೋಲಾದವರು ಸಿ, ಜಿ ಬಿರಡೆಗಳನ್ನು ಒಂದು ಕೂದಲಷ್ಟು ಏರಿಸುತ್ತಾರೆ. ಎಷ್ಟು ಕೂದಲು ಅನ್ನುವುದೇ ಜಗಳ.

ಬೀಥೋವನ್ 1826ರಲ್ಲಿ ಮುಗಿಸಿದ ಓಪಸ್ 131 (ಓಪಸ್ ಅಂದರೆ ಕೃತಿಯ ಸಂಖ್ಯೆ) ಎಂಬ ಕ್ವಾರ್ಟೆಟ್ ಹಿಡಿದಾಗ ಈ ಜಗಳ ಇನ್ನೂ ಜೋರಾಯಿತು. ಅದರಲ್ಲಿ ಏಳು ಭಾಗ, ಸುಮಾರು 40 ನಿಮಿಷ, ನಡುವೆ ನಿಲ್ಲುವಂತಿಲ್ಲ. ತಂತಿ ಇಳಿದರೆ ಬಿರಡೆ ಮುಟ್ಟಲು ಬಿಡುವಿಲ್ಲ, ಬೆರಳಲ್ಲೇ ಸರಿ ಮಾಡಿಕೊಳ್ಳಬೇಕು. ಮೊದಲ ಪಿಟೀಲು ಒಂಟಿಯಾಗಿ ಶುರು ಮಾಡುತ್ತದೆ, ಆಮೇಲೆ ನಾನು, ಆಮೇಲೆ ವಿಯೋಲಾ, ಕೊನೆಗೆ ಚೆಲೋ. ಮೊದಲ ಪಿಟೀಲಿನವನು ಶ್ರುತಿಯನ್ನು ಎಲ್ಲಿಗೆ ತಂದು ನಿಲ್ಲಿಸಿದ್ದಾನೋ ನಾನು ಅಲ್ಲಿಂದಲೇ ಹಿಡಿಯಬೇಕು. ನಾವು ಇದನ್ನು ವಾರಗಟ್ಟಲೆ ಅರ್ಧ ವೇಗದಲ್ಲಿ, ತಂತಿಯ ಮೇಲೆ ಒತ್ತಿದ ಬೆರಳನ್ನು ಒಂಚೂರೂ ನಡುಗಿಸದೆ ನುಡಿಸಿದೆವು. ಆಮೇಲೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ನುಡಿಸಿದೆವು. ಮುಖ ಕಾಣದಿದ್ದರೆ ಇನ್ನೊಬ್ಬರ ಉಸಿರು ಕೇಳಲೇಬೇಕಾಗುತ್ತದೆ.

ವಾದಕ್ಕೂ ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾರೇ ಏನೇ ಹೇಳಲಿ, ಮೊದಲು ಹಾಗೆ ನುಡಿಸಬೇಕು, ಆಮೇಲೆ ಮಾತು. ಇಬ್ಬರು ಆಚೆ ಇಬ್ಬರು ಈಚೆ ಆದರೆ ಈ ಊರಲ್ಲಿ ಒಂದು ಥರ, ಮುಂದಿನ ಊರಲ್ಲಿ ಇನ್ನೊಂದು ಥರ. ಮುಂದಿನ ಊರು ಮುಟ್ಟುವಷ್ಟರಲ್ಲಿ ಜಗಳ ಯಾವುದಕ್ಕೆ ಅನ್ನುವುದೇ ಎಷ್ಟೋ ಸಲ ಮರೆತಿರುತ್ತದೆ.

ಕಷ್ಟ ಬಂದದ್ದು ನಮ್ಮ ವಿಯೋಲಾದವರು ಹೊರಟಾಗ. ಅವರಿಗೆ ಆರ್ಕೆಸ್ಟ್ರಾದಲ್ಲಿ ತಿಂಗಳ ಸಂಬಳ, ಪಿಂಚಣಿ ಎಲ್ಲ ಇತ್ತು. ಯಾರು ಬೇಡ ಅಂದಾರು? ಅಮಡಿಯಸ್ ಕ್ವಾರ್ಟೆಟ್ಟಿನ ನಾಲ್ವರು 1948ರಲ್ಲಿ ಲಂಡನ್ನಿನ ವಿಗ್ಮೋರ್ ಹಾಲಿನಲ್ಲಿ ಮೊದಲ ಕಛೇರಿ ಕೊಟ್ಟವರು. 1987ರಲ್ಲಿ ವಿಯೋಲಾದ ಪೀಟರ್ ಶಿಡ್ಲಾಫ್ ತೀರಿಕೊಂಡಾಗ ಉಳಿದ ಮೂವರು ತಂಡವನ್ನೇ ನಿಲ್ಲಿಸಿದರು. 1946ರಲ್ಲಿ ಶುರುವಾದ ಜೂಲಿಯಾರ್ಡ್ ಕ್ವಾರ್ಟೆಟ್ಟಿನಲ್ಲಿ ಮೊದಲಿನವರು ಒಬ್ಬರೂ ಉಳಿದಿಲ್ಲ, ತಂಡ ಮಾತ್ರ ಇನ್ನೂ ನಡೆಯುತ್ತಿದೆ. ನಾವು ಎರಡನೆಯ ದಾರಿ ಹಿಡಿದೆವು.

ವಿಯೋಲಾದ ಜಾಗ ಕೇಳಿಕೊಂಡು ಬಂದವರಿಗೆಲ್ಲ ಬೀಥೋವನ್ನನ ಓಪಸ್ 59ರ ಮೂರನೆಯ ಕ್ವಾರ್ಟೆಟ್ಟಿನ ಕೊನೆಯ ಭಾಗ ಕೊಟ್ಟು ನುಡಿಸಿ ಅಂದೆವು. ಅದನ್ನು ಶುರು ಮಾಡುವುದು ವಿಯೋಲಾ, ಒಂಟಿಯಾಗಿ, ಸಿಕ್ಕಾಪಟ್ಟೆ ವೇಗದಲ್ಲಿ. ಹಿಂದೆಯೇ ನಾನು ಸೇರಿಕೊಳ್ಳಬೇಕು. ಹೆಚ್ಚಿನವರು ಬೆರಳಿನ ಚುರುಕು ತೋರಿಸಿದರು. ಒಬ್ಬಾಕೆ ಮಾತ್ರ ಉಳಿದವರಿಗಿಂತ ಸ್ವಲ್ಪ ನಿಧಾನ ಹಿಡಿದಳು. ನಾನು ಸೇರುವ ಹೊತ್ತಿಗೆ ಅವಳ ಕಮಾನು ತಂತಿಯ ಮೇಲೆ ಹಗುರಾಯಿತು. ವೇಗ ಕದಲಲಿಲ್ಲ, ನನ್ನ ದನಿಗೆ ಜಾಗ ಸಿಕ್ಕಿತು. ನನಗೆ ಅಷ್ಟೇ ಸಾಕಿತ್ತು. ಉಳಿದಿಬ್ಬರಿಗೆ ಒಪ್ಪಿಗೆಯಾಗಲು ಇನ್ನೂ ಕೆಲವು ಕಛೇರಿ, ಒಂದು ಉದ್ದನೆಯ ರೈಲು ಪ್ರಯಾಣ ಬೇಕಾಯಿತು.

ಸೇರಿದ ವಾರವೇ ಆಕೆ ಕೇಳಿದ್ದು ಸ್ವರಲಿಪಿಯ, ಗುರುತು ಹಾಕದ ಹೊಸ ಪ್ರತಿಗಳನ್ನು. ಹಿಂದಿನವರ ಪೆನ್ಸಿಲ್ ಗುರುತು ನೋಡಿ ನುಡಿಸಲು ಆಕೆಗೆ ಇಷ್ಟವಿಲ್ಲ. ಹಾಗಾಗಿ ಓಪಸ್ 131 ಮತ್ತೆ ಮೊದಲಿಂದ, ಅರ್ಧ ವೇಗದಲ್ಲಿ. ಚೆಲೋದವನು ಇನ್ನೂ ಗೊಣಗುತ್ತಿದ್ದಾನೆ. ನನಗಂತೂ ಖುಷಿ.