ಅಮೆರಿಕದ ಲೈಬ್ರರಿಗಳಲ್ಲಿ ದೊಡ್ಡವರಿಗೆ ಇಂಗ್ಲಿಷ್ ಬರವಣಿಗೆ ಹೇಳಿಕೊಡುವವರಿಗೆ

ಅಮೆರಿಕದಲ್ಲಿ ದೊಡ್ಡವರಿಗೆ ಸ್ವಯಂಸೇವಕರಾಗಿ ಇಂಗ್ಲಿಷ್ ಹೇಳಿಕೊಡಲು ಸಾಮಾನ್ಯವಾಗಿ ಬಿ.ಎಡ್. ಬೇಕಿಲ್ಲ. ನಿಮ್ಮೂರಿನ ಪಬ್ಲಿಕ್ ಲೈಬ್ರರಿಯಲ್ಲಿ ‘ಅಡಲ್ಟ್ ಲಿಟರಸಿ’ ಅಥವಾ ‘ಇಎಸ್‌ಎಲ್’ (ಬೇರೆ ಮಾತೃಭಾಷೆಯವರಿಗೆ ಇಂಗ್ಲಿಷ್) ಕಾರ್ಯಕ್ರಮ ಇದೆಯೇ ಎಂದು ವಿಚಾರಿಸಿ. ಅರ್ಜಿ, ಓರಿಯಂಟೇಶನ್, ಹಲವೆಡೆ ಬ್ಯಾಕ್‌ಗ್ರೌಂಡ್ ಚೆಕ್, ಕೆಲವು ಗಂಟೆಗಳ ತರಬೇತಿ ಮುಗಿದ ಮೇಲೆ ಕಲಿಯುವವರೊಬ್ಬರನ್ನು ನಿಮಗೆ ಜೋಡಿಸುತ್ತಾರೆ. ಎಚ್-4 (ಎಚ್-1ಬಿ ಉದ್ಯೋಗಿಗಳ ಕುಟುಂಬದವರ) ವೀಸಾದಲ್ಲಿದ್ದು ಕೆಲಸದ ಅನುಮತಿ ಇಲ್ಲದವರು ಫೀಸಿರಲಿ, ಗಿಫ್ಟ್ ಕಾರ್ಡಿರಲಿ, ಪ್ರತಿಫಲವಾಗಿ ಏನನ್ನೂ ಪಡೆಯಬಾರದು.

ಮೊದಲ ದಿನವೇ ಗ್ರಾಮರ್ ಪುಸ್ತಕ ತೆರೆಯಬೇಡಿ. ಅವರಿಗೆ ಈಗ ಏನು ಬರೆಯಬೇಕಾಗಿದೆ ಎಂದು ಕೇಳಿ. ಮಗುವಿಗೆ ಜ್ವರವೆಂದು ಸ್ಕೂಲಿಗೆ ಚೀಟಿ, ನಲ್ಲಿ ಸೋರುತ್ತಿದೆ ಎಂದು ಮನೆ ಮಾಲೀಕರಿಗೆ ಮೆಸೇಜು, ಹೀಗೆ ಏನಾದರೂ ಇದ್ದೇ ಇರುತ್ತದೆ. ಅವರು ಬಾಯಲ್ಲಿ ಹೇಳಿದ ನಾಲ್ಕೈದು ವಾಕ್ಯಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಓದಿಸಿ, ನಕಲು ಮಾಡಿಸಿ, ಮುಂದಿನ ಸಲ ನೋಡದೆ ಬರೆಸಿ.

ಹೊಸಬರು ಎಡವುವುದು ತಿದ್ದುವಾಗ. ಪುಟವೆಲ್ಲ ಕೆಂಪಾದರೆ ಕಲಿಯುವವರು ಮುಂದಿನ ವಾರ ತಮಗೆ ಖಾತ್ರಿಯಿರುವ ಎರಡೇ ಸಾಲು ಬರೆದು ತರುತ್ತಾರೆ. ‘ಯೆಸ್ಟರ್‌ಡೇ ಐ ಗೋ ಡಾಕ್ಟರ್. ಡಾಕ್ಟರ್ ಗಿವ್ ಮೆಡಿಸಿನ್’ ಎಂದು ಬರೆದಿದ್ದರೆ ‘ಗೋ’, ‘ಗಿವ್’ ಎರಡರ ಕೆಳಗೆ ಮಾತ್ರ ಗೆರೆ ಎಳೆದು ಪೆನ್ನು ಅವರ ಕೈಗೇ ಕೊಡಿ. ‘ಟು’, ‘ದ’ ಆಮೇಲೆ ನೋಡಿಕೊಳ್ಳೋಣ. ‘ಎ’, ‘ದ’ ಇಲ್ಲದ ಭಾಷೆಗಳಿಂದ ಬಂದವರಿಗೆ ಅವು ಕೈಗೂಡುವುದೇ ಕೊನೆಗೆ. ಕನ್ನಡಿಗರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಟಿಜನ್‌ಶಿಪ್‌ಗೆ ತಯಾರಾಗುವ ನಮ್ಮ ಹಿರಿಯರಿಗೆ ಕಲಿಸುವುದಾದರೆ ಪರೀಕ್ಷೆಯ ನಿಯಮ ತಿಳಿದಿರಲಿ. ಅಧಿಕಾರಿ ಹೇಳುವ ಮೂರು ವಾಕ್ಯಗಳಲ್ಲಿ ಒಂದನ್ನು ಸರಿಯಾಗಿ ಬರೆದರೆ ಸಾಕು. ಬರುವ ಪದಗಳ ಪಟ್ಟಿಯನ್ನು ಪರೀಕ್ಷೆ ನಡೆಸುವ ವಲಸೆ ಇಲಾಖೆ ಯುಎಸ್‌ಸಿಐಎಸ್ ತಾನೇ ಪ್ರಕಟಿಸಿದೆ; ಅದರಾಚೆ ಕಲಿಸಿ ಹೆದರಿಸಬೇಡಿ. ಉಚ್ಚರಿಸಿದಂತೆ ಬರೆಯುವ ನಮ್ಮ ರೂಢಿಯಿಂದ ‘ಪೀಪಲ್’ ಬರೆಯುವಾಗ ‘ಓ’ ಬಿಟ್ಟುಹೋಗುತ್ತದೆ, ಕ್ಯಾಪಿಟಲ್ ಅಕ್ಷರ ಮರೆತೇಹೋಗುತ್ತದೆ. ಅರ್ಥ ಕೆಡದಿದ್ದರೆ ಇವಕ್ಕೆ ಫೇಲ್ ಮಾಡುವುದಿಲ್ಲ. ಆದರೆ ಹೇಳಿದ ಪದವನ್ನು ಚುಟುಕಾಗಿಸಿ ಬರೆಯುವಂತಿಲ್ಲ. ಅಂಕಿಯನ್ನು ಅಕ್ಷರದಲ್ಲೂ ಬರೆಯಬಹುದು, ಅಂಕಿಯಲ್ಲೂ ಬರೆಯಬಹುದು. ತಪ್ಪಿದರೆ 60ರಿಂದ 90 ದಿನಗಳೊಳಗೆ ಮತ್ತೊಂದು ಅವಕಾಶವಿದೆ.

ಈ ಪರೀಕ್ಷೆ ನಡೆಯುವ ಇಂಟರ್‌ವ್ಯೂನಲ್ಲಿ ಬರೆಸುವುದು ಹೆಚ್ಚಾಗಿ ಟ್ಯಾಬ್ಲೆಟ್ ಮೇಲೆ, ಸ್ಟೈಲಸ್‌ನಿಂದ. ಕಾಗದದ ಮೇಲೆ ನೀಟಾಗಿ ಬರೆಯುವವರ ಅಕ್ಷರವೂ ಗಾಜಿನ ಮೇಲೆ ಜಾರಿ ಸೊಟ್ಟಗಾಗುತ್ತದೆ. ಇಂಟರ್‌ವ್ಯೂಗೆ ಎರಡು ವಾರ ಮೊದಲಿನಿಂದಲೇ ದಿನಕ್ಕೆ ಐದಾರು ವಾಕ್ಯ ಅದರಲ್ಲೇ ಬರೆಸಿ.