2.30 ಲಕ್ಷ ಕಿ.ಮೀ. ಓಡಿದ ಡೀಸೆಲ್ ಎಂಜಿನ್‌ಗೆ ರೀಮ್ಯಾಪ್: ನಾನು ತೀರ್ಮಾನ ಮಾಡಿದ್ದು ಹೀಗೆ

ಓಡೋಮೀಟರ್ ನೋಡಿಯೇ "ರೀಮ್ಯಾಪ್ ಬೇಡ" ಅನ್ನುವವರಿಗೆ ಉತ್ತರ ಕೊಡುವಷ್ಟು ಕಿಲೋಮೀಟರ್ ಈಗ ನನ್ನ ಗಾಡಿಯಲ್ಲಿದೆ. ರೀಮ್ಯಾಪ್ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರ್ ಫೈಲ್ ಬದಲಿಸಿ ಎಳೆತ ಹೆಚ್ಚಿಸುವುದು. ನನ್ನದು 2012ರ ಫೋಕ್ಸ್‌ವ್ಯಾಗನ್ ವೆಂಟೋ, 1.6 ಟಿಡಿಐ. ಫೈಲ್ ಹಾಕಿಸಿದಾಗ 2.30 ಲಕ್ಷ ದಾಟಿತ್ತು, ಈಗ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಅದೇ, 1.60 ಲಕ್ಷ ಕಿ.ಮೀ.ಗೆ ಹಾಕಿಸಿದ ಕ್ಲಚ್ ಅದೇ, ಹೆಡ್ ಬಿಚ್ಚಿಲ್ಲ. ಹಾಸನದ ನಮ್ಮ ಮೆಕ್ಯಾನಿಕ್ ಆವತ್ತು, "ಅಣ್ಣ, ಇದು ಎಪ್ಪತ್ತು ವರ್ಷದ ಮುದುಕನ್ನ ಕುಸ್ತಿ ಅಖಾಡಕ್ಕೆ ಇಳಿಸಿದಂಗೆ" ಅಂದಿದ್ದ. ಈಗ ಅವನೇ ಗಿರಾಕಿಗಳನ್ನ ನನ್ನ ಹತ್ತಿರ ಕಳಿಸುತ್ತಾನೆ.

ಗಾಡಿ ವಾರಕ್ಕೊಮ್ಮೆ ಮಂಗಳೂರಿಗೆ ಹೋಗಿ ಬರಬೇಕು. ವಾಪಸ್ ಬರುವಾಗ ಶಿರಾಡಿ ಏರು, ಡಿಕ್ಕಿ ತುಂಬ ಸಾಮಾನು, ಮುಂದೆ ಟ್ಯಾಂಕರ್. ಕಂಪನಿ ಲೆಕ್ಕದಲ್ಲಿ 105 ಪಿಎಸ್ ಶಕ್ತಿ, 250 ಎನ್ಎಂ ಟಾರ್ಕ್ (ಎಳೆತ). ನನ್ನದರಲ್ಲಿ ಅಷ್ಟು ಉಳಿದಿಲ್ಲ ಅಂತ ಕಾಲಿಗೇ ಗೊತ್ತಾಗುತ್ತಿತ್ತು. ಬೆಂಗಳೂರಲ್ಲಿ ವಿಚಾರಿಸಿದ ಒಬ್ಬರು ಗಾಡಿ ನೋಡುವ ಮೊದಲೇ 140 ಪಿಎಸ್, 320 ಎನ್ಎಂ ಅಂದರು. "ಎಂಜಿನ್ ಚೆಕ್ ಮಾಡಲ್ವಾ?" ಅಂತ ಕೇಳಿದೆ. "ಸಾರ್, ಓಡ್ತಿದೆಯಲ್ಲ?" ಅಂದರು. ಅಲ್ಲಿಂದ ಎದ್ದು ಬಂದೆ.

ನನ್ನ ನಿಯಮ ಒಂದೇ: ಗಾಡಿ ಮೊದಲು ಸ್ಟಾಕ್ (ಕಂಪನಿಯಿಂದ ಬಂದಾಗಿನ) ಸ್ಥಿತಿಗೆ ಬರಬೇಕು, ಆಮೇಲೆ ರೀಮ್ಯಾಪ್ ಮಾತು. ಬರದಿದ್ದರೆ ಅಲ್ಲಿಗೇ ಮುಗೀತು.

ಕಂಪ್ರೆಶನ್ (ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತೆ ಅಂತ) ನೋಡಬೇಕಾದರೆ, ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಬಿಚ್ಚಬೇಕು. ಇಷ್ಟು ಓಡಿದ ಹೆಡ್ಡಿನಲ್ಲಿ ಹೀಟರ್ ಪ್ಲಗ್ ಮುರಿದರೆ ಖರ್ಚು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಅದಕ್ಕೇ ಮೊದಲು ಬೇರೆ ದಾರಿ ಹಿಡಿದೆ. ಸ್ಟಾರ್ಟರ್ ಕೇಬಲ್‌ಗೆ ಕರೆಂಟ್ ಅಳೆಯುವ ಡಿಸಿ ಕ್ಲಾಂಪ್ ಹಾಕಿ, ಅದನ್ನು ಒಂದು ಅಗ್ಗದ ಯುಎಸ್‌ಬಿ ಸ್ಕೋಪ್‌ಗೆ ಜೋಡಿಸಿ, ಇಂಜೆಕ್ಟರ್ ಕನೆಕ್ಟರ್ ಕಿತ್ತು ಕ್ರ್ಯಾಂಕ್ ಮಾಡಿದೆ. (ಪೀಜೋ ಇಂಜೆಕ್ಟರ್, ಕನೆಕ್ಟರ್ ಕೀಳುವುದು ಕೀ ಆಫ್ ಮಾಡಿದ ಮೇಲೆಯೇ.) ಸಿಲಿಂಡರ್ ಕಂಪ್ರೆಶನ್‌ಗೆ ಬಂದಾಗಲೆಲ್ಲ ಸ್ಟಾರ್ಟರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಪರದೆಯ ಮೇಲೆ ಸಾಲಾಗಿ ಗುಡ್ಡ ಏಳುತ್ತೆ. ನಾಲ್ಕು ಗುಡ್ಡದಲ್ಲಿ ಒಂದು ಕೂದಲೆಳೆಯಷ್ಟು ಗಿಡ್ಡ, ಉಳಿದ ಮೂರೂ ಸಮ. ಗ್ಯಾರೇಜಿನ ಹುಡುಗರು ಇಸಿಜಿ ತೆಗೀತಿದಾನೆ ಅಂತ ನಕ್ಕರು.

ಅಷ್ಟು ಧೈರ್ಯ ಬಂದ ಮೇಲೆ ಪ್ಲಗ್‌ಗಳಿಗೆ ಕೈ ಹಾಕಿದೆ. ಸಂಜೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಬೆಳಿಗ್ಗೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಕಾಲು ಸುತ್ತು ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ. ಮೂರನೇ ಪ್ಲಗ್ ಕಿರ್ ಅಂತ ಕೂಗಿದಾಗ ಕೈ ತೆಗೆದು ಕಾಫಿಗೆ ಹೋದೆ. ಇನ್ನೊಂದು ಸಲ ಎಣ್ಣೆ ಕುಡಿಸಿ ಅರ್ಧ ದಿನ ಬಿಟ್ಟ ಮೇಲೆ ಬಂತು. ಗೇಜ್ ತೋರಿಸಿದ್ದು ಮೂರರಲ್ಲಿ 26ರ ಆಸುಪಾಸು, ಒಂದರಲ್ಲಿ 24 ಬಾರ್. ಫ್ಯಾಕ್ಟರಿ ಲೆಕ್ಕದಲ್ಲಿ ಸವೆತದ ಕನಿಷ್ಠ ಮಿತಿ 19, ಸಿಲಿಂಡರ್‌ಗಳ ನಡುವೆ ವ್ಯತ್ಯಾಸ 5 ಮೀರಬಾರದು. ಎಂಜಿನ್ ಬೋರ್‌ಗೆ (ಪೂರ್ತಿ ಬಿಚ್ಚಿ ಮಾಡುವ ರಿಪೇರಿಗೆ) ಬಂದಿದೆ ಅಂದವರ ಬಾಯಿ ಅಲ್ಲಿಗೆ ಮುಚ್ಚಿತು. ಸ್ಕೋಪ್‌ನಲ್ಲೂ ಒಂದೇ ಗುಡ್ಡ ಗಿಡ್ಡ ಕಂಡಿತ್ತು.

ಹಾಗಾದರೆ ಎಳೆತ ಎಲ್ಲಿ ಹೋಯಿತು? ವಿಸಿಡಿಎಸ್ (ಲ್ಯಾಪ್‌ಟಾಪಿನಲ್ಲಿ ಗಾಡಿ ಪರೀಕ್ಷಿಸುವ ಸಾಫ್ಟ್‌ವೇರ್) ಹಾಕಿ ಏರಿನಲ್ಲಿ ಲಾಗ್ ತೆಗೆದೆ. ಇಸಿಯು ಟರ್ಬೊದಿಂದ ಕೇಳುವುದು 2.4 ಬಾರ್ ಗಾಳಿ ಒತ್ತಡ, ಸಿಗುವುದು 2.1. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಉಲ್ಟಾ, ಕೇಳಿದ್ದಕ್ಕಿಂತ ಜಾಸ್ತಿ ಹೋಗಿ ಒಮ್ಮೊಮ್ಮೆ ಲಿಂಪ್ ಮೋಡ್ (ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುವುದು). ಎರಡು ಬೇರೆ ಬೇರೆ ಕಾಯಿಲೆ. ಬೇರೆ ಕಡೆ ತೋರಿಸಿದ್ದರೆ ಎರಡಕ್ಕೂ ಒಂದೇ ಮದ್ದು, ಹೊಸ ಟರ್ಬೊ.

ಮೊದಲನೆಯದು ಗಾಳಿ ಲೀಕ್. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಂಡ್ ಕ್ಯಾಪ್‌ಗೆ ತೂತು ಹೊಡೆದು, ಪಂಕ್ಚರ್ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬ್‌ಲೆಸ್ ವಾಲ್ವ್ ಕೂರಿಸಿ, ಟರ್ಬೊ ಬಾಯಿಗೆ ಕ್ಲಿಪ್ ಹಾಕಿ 15 ಪಿಎಸ್ಐ ಗಾಳಿ ತುಂಬಿದೆ. ಇಂಟರ್‌ಕೂಲರ್ ಹೋಸ್‌ನ ತಳಭಾಗದಲ್ಲಿ, ಎಣ್ಣೆ ಪಸೆಗೆ ಧೂಳು ಅಂಟಿ ಕಪ್ಪು ಗೆರೆ ಆಗಿತ್ತಲ್ಲ, ಅಲ್ಲೇ ಸೋಪು ನೀರು ನೊರೆ ಬಂತು. ಮೇಲಿನಿಂದ ನೋಡಿದರೆ ಹೋಸ್ ಹೊಸದರಂತೆ ಇತ್ತು. ಟೆಸ್ಟರ್‌ಗೆ ಬಿದ್ದಿದ್ದು ನೂರೈವತ್ತು ರೂಪಾಯಿ, ಹೋಸ್‌ಗೆ ನಾಲ್ಕು ಸಾವಿರ.

ಎರಡನೆಯದು ಟರ್ಬೊ ವೇನ್‌ಗಳಿಗೆ (ಒಳಗೆ ಹೊಗೆಯ ಹರಿವು ತಿರುಗಿಸುವ ರೆಕ್ಕೆಗಳಿಗೆ) ಮಸಿ ಕಟ್ಟಿದ್ದು. ವ್ಯಾಕ್ಯೂಮ್ ಹ್ಯಾಂಡ್ ಪಂಪ್ ಹಾಕಿದರೆ ವೇನ್ ಆಡಿಸುವ ಆಕ್ಚುಯೇಟರ್ ರಾಡ್ ಅರ್ಧ ದಾರಿಯಲ್ಲಿ ತಡೆದು, ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಟರ್ಬೊ ಇಳಿಸಿದೆವು. ಶಾಫ್ಟ್ ಆಟ ಸರಿಯಾಗಿತ್ತು, ವೇನ್ ರಿಂಗ್ ಮಾತ್ರ ಒಲೆ ಮೇಲಿನ ಹೆಂಚಿನಷ್ಟು ಕಪ್ಪು. ಯಾವುದರಲ್ಲಿ ಎಷ್ಟು ಹೊತ್ತು ನೆನೆ ಹಾಕಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಬಂಡವಾಳ. ವೇನ್ ಎಷ್ಟು ಮುಚ್ಚಬೇಕು ಅಂತ ತಡೆಯುವ ಸ್ಟಾಪ್ ಸ್ಕ್ರೂ ಮಾತ್ರ ಮುಟ್ಟಬೇಡಿ.

ಇದರ ಜೊತೆಗೆ ಸಿಲಿಂಡರ್ ಕರೆಕ್ಷನ್ (ಸಿಲಿಂಡರ್‌ಗಳನ್ನು ಸಮ ಮಾಡಲು ಇಸಿಯು ಡೀಸೆಲ್ ಹೆಚ್ಚುಕಡಿಮೆ ಮಾಡುವುದು) ಜಾಸ್ತಿ ತೋರಿಸುತ್ತಿದ್ದ ಒಂದು ಇಂಜೆಕ್ಟರ್ ಬದಲಿಸಿದೆ, 24 ಸಾವಿರ. ಬಹಳ ಹೊಟ್ಟೆ ಉರಿಸಿದ ಖರ್ಚು ಅದು. ಟೈಮಿಂಗ್ ಬೆಲ್ಟ್ ಕಿಟ್, ವಾಟರ್ ಪಂಪ್ ಸೇರಿ 19. ಎಂಜಿನ್ ಮೌಂಟ್ 9, ಹೀಟರ್ ಪ್ಲಗ್ 5, ಟರ್ಬೊ ಕೆಲಸದ ಕೂಲಿ, ಗ್ಯಾಸ್ಕೆಟ್ 7. ಹೋಸ್ ಸೇರಿಸಿದರೆ 68 ಸಾವಿರದ ಹತ್ತಿರ. ಗಾಡಿ ಮಾರಿದರೆ ಎರಡೂವರೆ ಲಕ್ಷ ಬರುತ್ತಿತ್ತು. ಮನೆಯಲ್ಲಿ ಈ ಲೆಕ್ಕ ಪೂರ್ತಿ ಗೊತ್ತಿಲ್ಲ.

ಮೂರನೇ ಗೇರಲ್ಲಿ 40ರಿಂದ 80ಕ್ಕೆ ಮೊದಲು ಎಂಟೂವರೆ ಸೆಕೆಂಡ್ ಹಿಡಿಯುತ್ತಿದ್ದದ್ದು ಏಳಕ್ಕೆ ಇಳಿಯಿತು. ಇನ್ನೂ ರೀಮ್ಯಾಪ್ ಆಗಿಲ್ಲ, ನೆನಪಿರಲಿ. ಬಹಳ ಜನ ಇಲ್ಲಿಗೇ ನಿಲ್ಲಿಸಬಹುದು, ನಿಲ್ಲಿಸಬೇಕು ಕೂಡ.

ಮಧ್ಯೆ ಒಂದೆರಡು ಆಟ ಆಡಿದೆ. ಸ್ನೇಹಿತನ ಟ್ಯೂನಿಂಗ್ ಬಾಕ್ಸ್ ತಂದು ಹಾಕಿದೆ. ಡೀಸೆಲ್ ಒತ್ತಡ ಅಳೆಯುವ ರೈಲ್ ಸೆನ್ಸರ್‌ನ ಸಿಗ್ನಲ್ ತಿರುಚಿ, ಇಸಿಯುಗೆ ಸುಳ್ಳು ಹೇಳಿ ಪ್ರೆಶರ್ ಏರಿಸುವ ಡಬ್ಬಿ ಅದು. ಕೆಳಗಿನ ಆರ್‌ಪಿಎಂನಲ್ಲಿ ಟಕಟಕ ಸದ್ದು, ಹಿಂದೆ ಬರುವವರಿಗೆ ಕರಿ ಹೊಗೆ. ವಾಪಸ್ ಕೊಟ್ಟೆ. ಡೀಸೆಲ್‌ಗೆ 2ಟಿ (ಟೂ-ಸ್ಟ್ರೋಕ್ ಬೈಕಿನ) ಆಯಿಲ್ ಬೆರೆಸುವುದನ್ನೂ ನೋಡಿದೆ. ಲಾಗ್‌ನಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ, ಹಳೆ ಆರ್‌ಎಕ್ಸ್ 100 ವಾಸನೆ ಬಂದಿದ್ದೇ ಲಾಭ. ಟರ್ಬೊ ದಾಟಿದ ಮೇಲಿನ ಪೈಪಿಗೆ ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕೂರಿಸಿದ್ದು ಮಾತ್ರ ಕೆಲಸಕ್ಕೆ ಬಂತು. ಏರಿನಲ್ಲಿ ಎಷ್ಟು ಬಿಸಿ ಅಂತ ಫೈಲ್‌ಗೆ ಮೊದಲೂ ಆಮೇಲೂ ನೋಡಲು ಸಿಕ್ಕಿತು.

ಇನ್ನು ಕ್ಲಚ್. ಐದನೇ ಗೇರು, 1500 ಆರ್‌ಪಿಎಂ, ಏರಿನಲ್ಲಿ ಪೂರ್ತಿ ಒತ್ತಿ. ಸ್ಪೀಡಿಗಿಂತ ಮುಂಚೆ ಆರ್‌ಪಿಎಂ ಮುಳ್ಳು ಏರಿದರೆ ಕ್ಲಚ್ ಜಾರುತ್ತಿದೆ, ರೀಮ್ಯಾಪ್ ಮರೆತುಬಿಡಿ. ಫ್ಲೈವೀಲ್ ಸಮೇತ ಬದಲಿಸಿದರೆ ಅರವತ್ತು ಸಾವಿರ ಕೈ ಬಿಡುತ್ತೆ. ನನ್ನದು ಜಾರಲಿಲ್ಲ.

ಫೈಲ್ ಮಾಡಿದವರು ಬೇರೆ, ಮಾತು ಕಡಿಮೆ, ಕೇಳುವ ಪ್ರಶ್ನೆ ಜಾಸ್ತಿ. ಗಾಡಿಯಲ್ಲಿರುವ ಫೈಲನ್ನೇ ಮೊದಲು ಓದಿಕೊಳ್ಳಿ ಅಂತ ಹಟ ಹಿಡಿದೆ. 2015ರ ಕೊನೆಯಲ್ಲಿ ಎಮಿಷನ್ ಸಾಫ್ಟ್‌ವೇರ್‌ಗಾಗಿ ದೇಶದಲ್ಲಿ ಫೋಕ್ಸ್‌ವ್ಯಾಗನ್ ಗುಂಪಿನ 3,23,700 ಗಾಡಿಗಳ ರೀಕಾಲ್ ಘೋಷಣೆ ಆಯಿತಲ್ಲ, ಈ ಎಂಜಿನ್ನೂ ಆ ಪಟ್ಟಿಯದೇ; ರೀಕಾಲ್‌ಗೆ ಹೋದ ಗಾಡಿಯ ಸಾಫ್ಟ್‌ವೇರ್ ಬದಲಾಗಿರಬಹುದು. ಒಂದೇ ಮಾಡೆಲ್‌ನ ಎರಡು ಗಾಡಿಯಲ್ಲಿ ಒಂದೇ ಸಾಫ್ಟ್‌ವೇರ್ ಇರುತ್ತೆ ಅಂತ ನಂಬಿ ಬೇರೆಯವರ ಫೈಲ್ ಸುರಿಸಿಕೊಳ್ಳಬೇಡಿ.

ನಾನು ಕೇಳಿದ್ದು 290 ಎನ್ಎಂ ಒಳಗೆ, ಅದೂ ಕೆಳಗಿನ ಆರ್‌ಪಿಎಂನಲ್ಲಿ ಬೇಡ. ಮೊದಲ ಫೈಲ್ 1600ಕ್ಕೇ ಒದೆಯುತ್ತಿತ್ತು, ಹೊಗೆ ಬೇರೆ. ಬದಲಿಸಿ ಅಂದೆ. ಎರಡನೆಯದರಲ್ಲಿ ಬೂಸ್ಟ್ (ಟರ್ಬೊ ಕೊಡುವ ಗಾಳಿ ಒತ್ತಡ) ಬಗ್ಗೆ ಜಗಳ ಆಯಿತು. ಹಾಸನ ಸಮುದ್ರ ಮಟ್ಟದಿಂದ 950 ಮೀಟರ್ ಮೇಲಿದೆ, ಹೊರಗಿನ ಗಾಳಿ ಒತ್ತಡ 0.9 ಬಾರ್ ಹತ್ತಿರ, ಮಂಗಳೂರಲ್ಲಿ 1.01. ಇಸಿಯು ಕೇಳುವುದು ಒಟ್ಟು ಒತ್ತಡ. ಹಾಗಾಗಿ ಅದೇ 2.4ಕ್ಕೆ ಮೇಲಿನ ಊರಲ್ಲಿ ಟರ್ಬೊ ಜಾಸ್ತಿ ಸುತ್ತಬೇಕು. ಕರಾವಳಿಯಲ್ಲಿ ಸರಿ ಅನಿಸಿದ ಬೂಸ್ಟ್ ಸಕಲೇಶಪುರದಲ್ಲಿ ಹಳೇ ಟರ್ಬೊಗೆ ಹೊರೆ. ಬೂಸ್ಟ್ ಹೆಚ್ಚುಕಡಿಮೆ ಮೊದಲಿನಷ್ಟೇ ಇಟ್ಟು, ಬಿಸಿ ಮತ್ತು ಹೊಗೆ ನೋಡಿಕೊಂಡು ಡೀಸೆಲ್ ಏರಿಸಿದೆವು. ಟಾರ್ಕ್ ಯಾವ ಆರ್‌ಪಿಎಂನಿಂದ ಏರಲು ಬಿಟ್ಟೆವು ಅನ್ನುವ ನಂಬರ್ ನನ್ನ ಹತ್ತಿರವೇ ಇರಲಿ, ನಿಮ್ಮ ಗಾಡಿಗೆ ಅದು ಬೇರೆಯೇ ಬರುತ್ತೆ.

ರೀಮ್ಯಾಪ್‌ಗೆ 28 ಸಾವಿರ. ಈಗ 40ರಿಂದ 80 ಆರು ಸೆಕೆಂಡಿನೊಳಗೆ. ಹೈವೇ ಮೈಲೇಜ್ 17 ಇದ್ದದ್ದು 19, ಅದರಲ್ಲಿ ಹೆಚ್ಚಿನ ಪಾಲು ರಿಪೇರಿಯದೇ ಅಂತ ನನ್ನ ಅಂದಾಜು. ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೇ ಮರಳಿಸುವ ವಾಲ್ವ್) ಮುಚ್ಚಿಸಿಲ್ಲ. ಆಯಿಲ್ ಬದಲಿಸುವುದನ್ನು 15 ಸಾವಿರದಿಂದ 8 ಸಾವಿರ ಕಿಲೋಮೀಟರಿಗೆ ತಂದಿದ್ದೇನೆ. ಎಮಿಷನ್ ಟೆಸ್ಟ್‌ನಲ್ಲಿ ಬಿಎಸ್4 ಡೀಸೆಲ್‌ಗೆ ಹೊಗೆ ಮಿತಿ 1.62, ಕಳೆದ ಸಲ ನನ್ನದು ಒಂದರ ಒಳಗೇ ಬಂತು. ಚೀಟಿ ಕೊಡುವ ಹುಡುಗ ಮೀಟರ್ ಕೆಟ್ಟಿದೆಯಾ ಅಂತ ಇನ್ನೊಂದು ಸಲ ಎಬ್ಬಿಸಿ ನೋಡಿದ.